ಹಳೇ ಐ5-2400 ತಗೊಳ್ಳಲಾ, ಐ5-3470 ತಗೊಳ್ಳಲಾ?

ಪ್ರಶ್ನೆ (ಗಂಗಾವತಿಯಿಂದ):
ನಮಸ್ಕಾರ ಸರ್. ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್, ಮದುವೆ ಆಲ್ಬಂ ಮಾಡುತ್ತೇನೆ. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪಿಂಗ್, ಪೇಜ್‌ಮೇಕರ್, ಫೋಟೋಶಾಪ್, ಇಷ್ಟೇ ಬಳಕೆ. ಇದ್ದ ಹಳೇ ಸಿಪಿಯು ಹೋದ ವಾರ ಕೈಕೊಟ್ಟಿತು. ಹೊಸದು ತಗೊಳ್ಳುವಷ್ಟು ದುಡ್ಡು ಈಗಿಲ್ಲ. ಬಳ್ಳಾರಿಯ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎರಡು ಸಿಪಿಯು ತೋರಿಸಿದ್ದಾರೆ. ಒಂದರಲ್ಲಿ ಇಂಟೆಲ್‌ನ ಐ5-2400 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್. ಇನ್ನೊಂದರಲ್ಲಿ ಐ5-3470, ಬಿ75 ಬೋರ್ಡ್, 4 ಜಿಬಿ ರ‍್ಯಾಮ್. ಎರಡರಲ್ಲೂ 500 ಜಿಬಿ ಹಾರ್ಡ್ ಡಿಸ್ಕ್. ಎರಡೂ ಕ್ವಾಡ್ ಕೋರ್, ಅಂದರೆ ನಾಲ್ಕು ಕೋರ್‌ನವು ಅಂತಾರೆ. ಆದರೆ ರ‍್ಯಾಮ್ ಕಡಿಮೆ ಇರುವ ಎರಡನೆಯದಕ್ಕೇ 1,200 ರೂಪಾಯಿ ಜಾಸ್ತಿ ಹೇಳುತ್ತಿದ್ದಾರೆ. ಯಾಕೆ ಅಂತ ಕೇಳಿದರೆ "ಅದು ಥರ್ಡ್ ಜನರೇಶನ್" ಅಂದರು, ಅಷ್ಟೇ. ಮೇಲಿನ ದುಡ್ಡು ಕೊಡಬಹುದಾ ಸರ್?

ಉತ್ತರ (ಬಳ್ಳಾರಿಯ ರಿಪೇರಿಯವರು):
ನಮಸ್ಕಾರ. ಬರೀ ಚಿಪ್ ನೋಡಿದರೆ 1,200 ಕೊಡುವಷ್ಟು ವ್ಯತ್ಯಾಸ ಇಲ್ಲ. ಐ5-2400 ಬಂದಿದ್ದು 2011ರಲ್ಲಿ, 3470 ಅದರ ಮರುವರ್ಷ. ಎರಡರಲ್ಲೂ ನಾಲ್ಕು ಕೋರ್ (ಲೆಕ್ಕ ಮಾಡುವ ಭಾಗ), ನಾಲ್ಕು ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಸಾಲು), 6 ಎಂಬಿ ಕ್ಯಾಶ್ (ಚಿಪ್ ಒಳಗಿನ ಚಿಕ್ಕ ಮೆಮೊರಿ). ಮೊದಲನೆಯದು 3.1 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ, ಒತ್ತಡ ಬಿದ್ದಾಗ 3.4ರ ತನಕ ಹೋಗುತ್ತದೆ. ಎರಡನೆಯದು 3.2, ಹೋದರೆ 3.6. ಒಳಗಿನ ವಿನ್ಯಾಸದಲ್ಲೂ ಚೂರು ಸುಧಾರಣೆ ಇದೆ. ಎಲ್ಲ ಸೇರಿಸಿದರೂ ನೂರಕ್ಕೆ ಹತ್ತರ ಆಸುಪಾಸು. ಫೋಟೋಶಾಪ್‌ನಲ್ಲಿ ಒಂದು ಫಿಲ್ಟರ್‌ಗೆ ಇಪ್ಪತ್ತು ಸೆಕೆಂಡ್ ಹಿಡಿಯುತ್ತಿದ್ದರೆ ಹದಿನೆಂಟು ಆಗಬಹುದು. ಲಗ್ನಪತ್ರಿಕೆ ಟೈಪ್ ಮಾಡುವಾಗ ಯಾವುದರ ಮುಂದೆ ಕೂತಿದ್ದೀರಿ ಅಂತ ನಿಮಗೇ ಗೊತ್ತಾಗುವುದಿಲ್ಲ.

ಆದರೂ ನಾನು 3470 ಇರುವ ಸಿಪಿಯುನೇ ತಗೊಳ್ಳಿ ಅಂತೀನಿ. ಕಾರಣ ಚಿಪ್ ಅಲ್ಲ, ಬೋರ್ಡ್.

ನೀವು ಮದುವೆ ಆಲ್ಬಂ ಮಾಡುತ್ತೀರಿ. ಅಂದರೆ ಫೋಟೋಗ್ರಾಫರ್ ಹಾರ್ಡ್ ಡಿಸ್ಕ್ ತಂದು ಕೊಡುತ್ತಾರೆ, ಅದರಲ್ಲಿ 40 ಜಿಬಿ ಫೋಟೋ ಇರುತ್ತವೆ ಅಂದುಕೊಳ್ಳಿ. ಎಚ್61 ಚಿಪ್‌ಸೆಟ್‌ನಲ್ಲಿ, ಅಂದರೆ ಬೋರ್ಡಿನ ಪೋರ್ಟ್‌ಗಳನ್ನು ನಡೆಸುವ ಚಿಪ್‌ನಲ್ಲಿ, ಯುಎಸ್‌ಬಿ 3.0 ಇಲ್ಲ. ಕೆಲವು ಕಂಪನಿಯವರು ಬೇರೆ ಚಿಪ್ ಕೂರಿಸಿ ಕೊಟ್ಟಿದ್ದುಂಟು, ಆದರೆ ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಯುಎಸ್‌ಬಿ 2.0ದಲ್ಲಿ ಸೆಕೆಂಡಿಗೆ 30 ಎಂಬಿ ಬಂದರೆ ಅದೇ ಹೆಚ್ಚು. ಆ 40 ಜಿಬಿ ಇಳಿಯಲು 22 ನಿಮಿಷ ಬೇಕು. ಬಿ75ರಲ್ಲಿ ಯುಎಸ್‌ಬಿ 3.0 ಬೋರ್ಡಿನ ಜೊತೆಗೇ ಬರುತ್ತದೆ. ಅದೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಟ್ಟರೆ ಏಳು ನಿಮಿಷದಲ್ಲಿ ಕೆಲಸ ಮುಗಿಯಿತು. ಮದುವೆ ಸೀಸನ್‌ನಲ್ಲಿ ಬಾಗಿಲಲ್ಲಿ ಮೂರು ಜನ ಕಾಯುತ್ತಿರುವಾಗ ಈ ಹದಿನೈದು ನಿಮಿಷ ದೊಡ್ಡದು, ಅಲ್ವಾ?

ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ವಿಷಯವೂ ಹೀಗೇ. ಇವತ್ತಲ್ಲ ನಾಳೆ ಹಾಕಿಸಲೇಬೇಕು. ಹಳೇ ಸಿಪಿಯುಗೆ ಮತ್ತೆ ಜೀವ ಬರುವುದು ಅದರಿಂದಲೇ. ಎಚ್61ರಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್‌ಗಳೆಲ್ಲ 3 ಗಿಗಾಬಿಟ್‌ನವು, ಎಸ್‌ಎಸ್‌ಡಿಯ ಅರ್ಧ ವೇಗ ಅಲ್ಲೇ ನಿಂತುಹೋಗುತ್ತದೆ. ಬಿ75ರಲ್ಲಿ 6 ಗಿಗಾಬಿಟ್‌ನ ಪೋರ್ಟ್ ಒಂದೇ ಒಂದು ಇದೆ. ಎಸ್‌ಎಸ್‌ಡಿ ಅದಕ್ಕೇ ಸಿಕ್ಕಿಸಬೇಕು.

4 ಜಿಬಿ ರ‍್ಯಾಮ್ ನಿಮ್ಮ ಫೋಟೋಶಾಪ್‌ಗೆ ಸಾಲದು. ಅದೇ 1,200ರಲ್ಲಿ ಇನ್ನೊಂದು 4 ಜಿಬಿ ಹಾಕಿಕೊಡಿ ಅಂತ ಪಟ್ಟು ಹಿಡಿದು ಕೇಳಿ. ಹಳೇ ಡಿಡಿಆರ್3 ರ‍್ಯಾಮ್ ಅಂಥ ಅಂಗಡಿಗಳಲ್ಲಿ ಡಬ್ಬಿ ತುಂಬ ಬಿದ್ದಿರುತ್ತದೆ. ಒಂದೇ 8 ಜಿಬಿಗಿಂತ ಎರಡು 4 ಜಿಬಿ ಒಳ್ಳೆಯದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಾಗ ಸ್ಕ್ರೀನ್ ಓಡುವುದೂ ಈ ರ‍್ಯಾಮ್ ಮೇಲೆಯೇ. ಜೋಡಿ ಇದ್ದರೆ ದಾರಿ ಅಗಲವಾಗುತ್ತದೆ.

ಪ್ರಶ್ನೆ (ರಾಯಚೂರಿನಿಂದ ಇನ್ನೊಬ್ಬರು):
ಸರ್, ನಡುವೆ ಬಾಯಿ ಹಾಕಿದೆ, ಬೇಜಾರಾಗಬೇಡಿ. ನನ್ನ ಹತ್ತಿರ ಆಫೀಸ್‌ಗಳಲ್ಲಿ ಬಳಸಿ ಬಿಟ್ಟ ಬ್ರಾಂಡೆಡ್ ಸಿಪಿಯು ಇದೆ, ಅದರಲ್ಲೂ ಐ5-2400. ಚಿಪ್ ಕೂರುವ ಸಾಕೆಟ್ ಒಂದೇ ಅಂತ 3470 ತಂದು ಹಾಕಿದೆ. ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಬರುತ್ತಿಲ್ಲ. ಚಿಪ್ ಸುಟ್ಟಿದೆಯಾ? ನಮ್ಮ ಊರಿನ ಬಿಸಿಲಿಗೆ ಯಾವುದು ತಡೆಯುತ್ತದೆ ಅಂತಲೂ ಹೇಳಿ.

ಉತ್ತರ:
ಬೇಜಾರು ಯಾಕೆ, ಕೇಳಿ. ಚಿಪ್ ಸುಟ್ಟಿರಲಿಕ್ಕಿಲ್ಲ. ಸಾಕೆಟ್ ಎರಡಕ್ಕೂ ಎಲ್‌ಜಿಎ 1155, ನಿಜ. ಆದರೆ ಆಫೀಸ್ ಸಿಪಿಯುಗಳಲ್ಲಿ ಕ್ಯೂ65, ಕ್ಯೂ67, ಬಿ65 ಅನ್ನುವ ಚಿಪ್‌ಸೆಟ್‌ಗಳು ಇರುತ್ತವೆ. ಅವಕ್ಕೆ ಮೂರನೇ ತಲೆಮಾರಿನ ಚಿಪ್‌ಗೆ ಇಂಟೆಲ್ ಬೆಂಬಲ ಕೊಟ್ಟಿಲ್ಲ. ನಿಮ್ಮದರಲ್ಲಿ ಯಾವುದಿದೆ ಅಂತ ಮೊದಲು ನೋಡಿ. ಈ ಮೂರರಲ್ಲಿ ಒಂದಾಗಿದ್ದರೆ 2400 ವಾಪಸ್ ಹಾಕಿ, 3470 ಹಿಂದಿರುಗಿಸಿ. ಎಚ್61 ಆಗಿದ್ದರೆ ದಾರಿ ಇದೆ. ಹಳೇ ಚಿಪ್ ಕೂರಿಸಿಕೊಂಡೇ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು, ಆಮೇಲೆ ಹೊಸದು ಹಾಕಬೇಕು. ಯುಪಿಎಸ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಅರ್ಧಕ್ಕೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಅಂತ ನಿಮಗೆ ಗೊತ್ತೇ ಇದೆ.

ಬಿಸಿಲಿನ ಮಾತು. 2400ಕ್ಕೆ 95 ವ್ಯಾಟ್ ಅಂತ ಬರೆದಿದೆ, 3470ಕ್ಕೆ 77. ಕಾಗದದ ಮೇಲೆ ಎರಡನೆಯದೇ ತಂಪು. ಆದರೆ ಅದು ಪೂರ್ತಿ ಹೊರೆ ಬಿದ್ದಾಗಿನ ಲೆಕ್ಕ. ದಿನಕ್ಕೆ ಎಂಟು ಗಂಟೆ ಪೂರ್ತಿ ಹೊರೆಯಲ್ಲಿ ಓಡಿಸಿದರೂ ಆ 18 ವ್ಯಾಟ್ ಸೇರಿ ಒಂದು ಯೂನಿಟ್ ಆಗಲು ಏಳು ದಿನ ಬೇಕು. ಜೆಸ್ಕಾಂ ಬಿಲ್ ನೋಡಿ ಚಿಪ್ ಆರಿಸಬೇಕಾಗಿಲ್ಲ. 3470ರ ಮುಚ್ಚಳದ ಒಳಗೆ ಬೆಸುಗೆ ಬದಲು ಶಾಖ ಸಾಗಿಸುವ ಪೇಸ್ಟ್ ಇದೆ, ಅದಕ್ಕೇ ಬೇಗ ಕಾಯುತ್ತದೆ ಅಂತ ಕೆಲವರು ಹೇಳುತ್ತಾರೆ. ಪೇಸ್ಟ್ ಇರುವುದು ನಿಜ. ವೇಗ ಏರಿಸಿ ಓಡಿಸುವವರಿಗೆ ಅದು ತೊಂದರೆ, ನಿಮಗಲ್ಲ.

ಚಿಪ್‌ಗಳು ಕಾಯುವುದನ್ನು ನಾನು ದಿನಾ ನೋಡುತ್ತೇನೆ. ಕಾರಣ ಹೆಚ್ಚಾಗಿ ಕಸ. ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದಿಂದ ಒಂದು ಸಿಪಿಯು ಬಂದಿತ್ತು, ಐ5-2400ರದ್ದೇ. "ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ಆಮೆ ಆಗುತ್ತದೆ, ಪ್ರೊಸೆಸರ್ ಬದಲಿಸಿ" ಅಂದರು. ಮೇಲಿನಿಂದ ಫ್ಯಾನ್ ಕ್ಲೀನ್ ಇತ್ತು, ಯಾರೋ ಒರೆಸಿದ್ದರು. ಫ್ಯಾನ್ ಬಿಚ್ಚಿ ಎತ್ತಿದೆ. ಅದರ ಕೆಳಗೆ ಹೀಟ್‌ಸಿಂಕ್ (ಚಿಪ್‌ನ ಶಾಖ ಹೀರುವ ಲೋಹದ ತುಂಡು) ಮೇಲೆ ನೀಲಿ ನೂಲಿನ ಎಳೆಗಳು ಒಂದರ ಮೇಲೊಂದು ಕೂತು ಕಂಬಳಿಯ ಹಾಗೆ ದಪ್ಪಗಾಗಿದ್ದವು. ಚಿಮಟದಲ್ಲಿ ಹಿಡಿದು ಎಳೆದರೆ ದುಂಡಗೆ, ರೊಟ್ಟಿ ಎದ್ದ ಹಾಗೆ ಪೂರ್ತಿ ಎದ್ದು ಬಂತು. ಗಾಳಿ ಹೋಗಲು ಜಾಗವೇ ಇರಲಿಲ್ಲ. ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ, ಅದೇ ಚಿಪ್ ಈಗಲೂ ಓಡುತ್ತಿದೆ. ನಿಮ್ಮ ರಾಯಚೂರಿನಲ್ಲಿ ಹತ್ತಿಯ ಎಳೆ, ಗಂಗಾವತಿಯಲ್ಲಿ ರೈಸ್ ಮಿಲ್‌ನ ಹೊಟ್ಟು. 40 ಡಿಗ್ರಿ ದಾಟುವ ಬೇಸಿಗೆ ಬರುವ ಮೊದಲು ಒಮ್ಮೆ ಫ್ಯಾನ್ ಎತ್ತಿ ನೋಡಿ. ಮತ್ತೆ ಕೂರಿಸುವಾಗ ನಾಲ್ಕು ಪ್ಲಾಸ್ಟಿಕ್ ಪಿನ್ನೂ "ಟಕ್" ಅನ್ನಬೇಕು. ಒಂದು ಸಡಿಲ ಇದ್ದರೂ ಮಾಡಿದ ಕೆಲಸ ದಂಡ.

ಪ್ರಶ್ನೆ (ಕೊಪ್ಪಳದಿಂದ):
ಅಣ್ಣಾ, ನನ್ನ ಹತ್ತಿರ ಎಚ್61 ಬೋರ್ಡ್, ಐ5-2400 ಇದೆ. ವಿಡಿಯೋ ಎಡಿಟಿಂಗ್ ಕಲಿಯುತ್ತಿದ್ದೇನೆ. 3470 ಹಾಕಿಸಲಾ?

ಉತ್ತರ:
ಬೇಡಪ್ಪ. ಹಾಕಿದರೂ ನಿನಗೆ ವ್ಯತ್ಯಾಸ ಕಾಣುವುದಿಲ್ಲ. ದುಡ್ಡು ಹಾಕಲೇಬೇಕು ಅಂದರೆ ಐ7-2600 ಹುಡುಕು. ಅದೂ ನಾಲ್ಕೇ ಕೋರ್, ಆದರೆ ಎಂಟು ಥ್ರೆಡ್, 8 ಎಂಬಿ ಕ್ಯಾಶ್. ವಿಡಿಯೋ ಎಕ್ಸ್‌ಪೋರ್ಟ್‌ನಲ್ಲಿ ಅದು ಗೊತ್ತಾಗುತ್ತದೆ. 2400ರ ತಲೆಮಾರಿನದೇ ಆದ್ದರಿಂದ ಸಾಮಾನ್ಯವಾಗಿ ಬಯೋಸ್ ಕೆದಕಬೇಕಾಗುವುದಿಲ್ಲ. ಮೊದಲು ಎಸ್‌ಎಸ್‌ಡಿ, ಆಮೇಲೆ ಅದು.

ಪ್ರಶ್ನೆ (ಗಂಗಾವತಿಯಿಂದ):
ಸರ್, ನಾಳೆ ಬಳ್ಳಾರಿಗೆ ಹೋಗುತ್ತಿದ್ದೇನೆ. ಒಳಗಿರುವುದು ನಿಜವಾಗಿಯೂ ಕ್ವಾಡ್ ಕೋರ್ ಅಂತ ಹೇಗೆ ನೋಡಲಿ? ವಿಂಡೋಸ್ 11 ಹಾಕಿಕೊಡುತ್ತೇವೆ ಅಂತಲೂ ಹೇಳುತ್ತಿದ್ದಾರೆ.

ಉತ್ತರ:
ಒಳ್ಳೆಯ ಪ್ರಶ್ನೆ. 3470ರ ಹೆಸರಿನಲ್ಲೇ 3470ಟಿ ಅಂತ ಇನ್ನೊಂದಿದೆ. ಕೊನೆಗೆ ಒಂದು "ಟಿ" ಅಕ್ಷರ, ಅಷ್ಟೇ. ಅದರಲ್ಲಿ ಕೋರ್ ಎರಡೇ, ಕ್ಯಾಶ್ 3 ಎಂಬಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ಅಲ್ಲಿ "ಕೋರ್ಸ್" ಮತ್ತು "ಲಾಜಿಕಲ್ ಪ್ರೊಸೆಸರ್ಸ್" ಅಂತ ಎರಡು ಸಾಲು ಇರುತ್ತವೆ. ಲಾಜಿಕಲ್ ಎದುರು ಎರಡು ಚಿಪ್‌ಗಳಲ್ಲೂ 4 ಅಂತಲೇ ಬರುತ್ತದೆ. ಅದನ್ನು ನೋಡಿ ಒಪ್ಪಬೇಡಿ. "ಕೋರ್ಸ್" ಎದುರು 4 ಇರಬೇಕು.

ವಿಂಡೋಸ್ 11 ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಇಂಟೆಲ್‌ನಲ್ಲಿ ಕೆಲವೇ ಕೆಲವನ್ನು ಬಿಟ್ಟರೆ ಎಂಟನೇ ತಲೆಮಾರಿನಿಂದ ಮೇಲಿನ ಚಿಪ್‌ಗಳಿಗೆ ಮಾತ್ರ ಮೈಕ್ರೋಸಾಫ್ಟ್ ಒಪ್ಪಿಗೆ ಇದೆ. ಇವೆರಡೂ ಆ ಪಟ್ಟಿಯಲ್ಲಿ ಇಲ್ಲ. ಅಂಗಡಿಯವರು ತಪಾಸಣೆ ತಪ್ಪಿಸಿ ಹಾಕಿಕೊಡಬಹುದು, ಓಡಲೂಬಹುದು, ಆದರೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ನಂಬಬೇಡಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಈ ಸಿಪಿಯುವನ್ನು ಡಿಸೈನ್‌ಗೆ ಇಟ್ಟುಕೊಳ್ಳಿ. ಬ್ಯಾಂಕ್ ವ್ಯವಹಾರ, ಗಿರಾಕಿಗಳ ಆಧಾರ್ ಕಾಗದ ಇದರಲ್ಲಿ ಬೇಡ. ಜನ ನಂಬಿ ಕೊಡುವ ಕಾಗದ ಅವು.

ಪ್ರಶ್ನೆ (ಗಂಗಾವತಿಯಿಂದ, ಎರಡು ದಿನ ಬಿಟ್ಟು):
ಸರ್, 3470 ತಗೊಂಡೆ. ಕೋರ್ಸ್ 4 ಇತ್ತು. ಇನ್ನೊಂದು 4 ಜಿಬಿ ರ‍್ಯಾಮ್‌ಗೆ ಒಪ್ಪಿದರು. ಮನೆಗೆ ಬಂದು ಫ್ಯಾನ್ ಎತ್ತಿದರೆ ನೀವು ಹೇಳಿದ ಹಾಗೇ ಕೆಳಗೆ ಬೂದು ಬಣ್ಣದ ಪದರ. ತೆಗೆದೆ. ಹೊಸ ಎಸ್‌ಎಸ್‌ಡಿಯೂ ತಂದಿದ್ದೇನೆ. ಬೋರ್ಡ್‌ನಲ್ಲಿ ಐದು ಸಾಟಾ ಪೋರ್ಟ್ ನೀಲಿ, ಒಂದು ಬಿಳಿ. ಯಾವುದಕ್ಕೆ ಹಾಕಲಿ?

ಉತ್ತರ:
ಬಿಳಿಯದೇ ಇರಬೇಕು. ಆದರೆ ಬಣ್ಣ ಒಂದೊಂದು ಕಂಪನಿಯದು ಒಂದೊಂದು ಥರ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 6ಜಿ ಅಥವಾ ಸಾಟಾ3 ಅಂತ ಅಚ್ಚಾಗಿದೆಯಾ ನೋಡಿ. ಟಾರ್ಚ್ ಹಾಕಿ ಒಂದು ಫೋಟೋ ಕಳಿಸಿ, ನೋಡಿ ಹೇಳುತ್ತೇನೆ. ಪೇಸ್ಟ್ ಹೊಸದು ಹಚ್ಚಿದಿರಿ ತಾನೇ?