ಸಹಾಯ ಬೇಕು: ಹುಳುವಿನ ಎಣಿಕೆ, ಮಳೆ, ಬಿತ್ತನೆ ಲೆಕ್ಕ ಜೋಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಜಗಳೂರು ಕಡೆ ಮೆಕ್ಕೆಜೋಳಕ್ಕೆ ಫಾಲ್ ಸೈನಿಕ ಹುಳು ಯಾವಾಗ ಬೀಳುತ್ತೆ ಅಂತ ಮುಂಚೆಯೇ ತಿಳಿಯೋಕೆ ಪ್ರಯತ್ನ ಮಾಡ್ತಿದೀನಿ. 2018ರಲ್ಲಿ ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡ ಹುಳು ಇದು. ಸುಳಿಯೊಳಗೆ ಸೇರಿಕೊಂಡ ಮೇಲೆ ಔಷಧಿ ತಾಗೋದೇ ಕಷ್ಟ, ಅದಕ್ಕೇ ಮುನ್ಸೂಚನೆ ಮುಖ್ಯ.

ಮೋಹಕ ಬಲೆಗೆ (ವಾಸನೆಯಿಂದ ಗಂಡು ಪತಂಗಗಳನ್ನ ಸೆಳೆದು ಹಿಡಿಯೋ ಬಲೆ) ಬಿದ್ದ ಪತಂಗಗಳ ಎಣಿಕೆ, ಮಳೆ, ಬಿತ್ತನೆ ದಿನಾಂಕ ಮೂರೂ ಇವೆ. ಆದರೆ ಎಣಿಕೆ ಹೊಲದ್ದು, ವಾರಕ್ಕೊಮ್ಮೆ. ಮಳೆ ಹೋಬಳಿಯದ್ದು, ದಿನದ್ದು. ವಾರಕ್ಕೆ ಕೂಡಿಸಿದರೆ ಒಂದೇ ದಿನ ಸುರಿದ ಜೋರು ಮಳೆ ಲೆಕ್ಕದಲ್ಲಿ ಕಾಣೋದೇ ಇಲ್ಲ. ಎಳೆ ಮರಿಹುಳು ಕೊಚ್ಚಿಹೋಗೋದು ಅಂಥ ಮಳೆಗೇ! ಮೊಟ್ಟೆ ಪತಂಗವಾಗೋಕೆ ಸುಮಾರು ಒಂದು ತಿಂಗಳು ಬೇಕು. ಹಾಗಾದರೆ ಎಷ್ಟು ವಾರ ಹಿಂದಿನ ಮಳೆ ಜೋಡಿಸಬೇಕು? ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆಗಳಾದ ಆರ್ ಅಥವಾ ಪೈಥಾನ್‌ನಲ್ಲಿ ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.