ಕೊಬ್ಬು ಕರಗಿದರೆ ಗಂಡಸ್ತನ ಹೋಗಲ್ಲ ತಮ್ಮಾ

ತಮ್ಮಾ, ಬೆಳಿಗ್ಗೆ ಎದ್ದು ನಮ್ಮ ಗ್ರೂಪಿನಲ್ಲಿ ನಿನ್ನ ಪ್ರಶ್ನೆ ನೋಡಿದೆ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡರೆ ಗಂಡಸರ ಹಾರ್ಮೋನ್ ಕಮ್ಮಿಯಾಗುತ್ತದಾ ಅಂತ ಕೇಳಿದ್ದೀಯ. ಎಲ್ಲರ ಮುಂದೆ ಕೇಳಿದ್ದು ಒಳ್ಳೆಯದೇ ಆಯಿತು. ನನ್ನ ಆಪರೇಷನ್‌ಗೆ ಮುಂಚೆ ನಾನು ಇದನ್ನೇ ಯಾರ ಹತ್ತಿರವೂ ಕೇಳಲಾಗದೆ ಒಬ್ಬನೇ ಒದ್ದಾಡಿದ್ದೆ.

ವಿಷಯ ನೀನು ಅಂದುಕೊಂಡದ್ದಕ್ಕೆ ಉಲ್ಟಾ. ಟೆಸ್ಟೋಸ್ಟೆರಾನ್, ಅಂದರೆ ಆ ಗಂಡಸರ ಹಾರ್ಮೋನ್, ಅದನ್ನು ಇಳಿಸುವುದು ಜಾಸ್ತಿಯಾದ ಕೊಬ್ಬು. ಕೊಬ್ಬಿನಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಇದೆ, ಅದು ಟೆಸ್ಟೋಸ್ಟೆರಾನನ್ನು ಹೆಂಗಸರ ಹಾರ್ಮೋನ್ ಅನ್ನುವ ಈಸ್ಟ್ರೋಜನ್ ಮಾಡುತ್ತದೆ. ಈಸ್ಟ್ರೋಜನ್ ಏರಿದರೆ ಮೆದುಳಿಗೆ 'ಹಾರ್ಮೋನ್ ಬೇಕಾದಷ್ಟಿದೆ' ಅನ್ನಿಸುತ್ತದೆ. ಆಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಹೋಗಿ 'ಟೆಸ್ಟೋಸ್ಟೆರಾನ್ ಮಾಡು' ಅಂತ ಹೇಳುವ ಎಲ್‌ಎಚ್ ಅನ್ನುವ ಹಾರ್ಮೋನ್ ತಗ್ಗುತ್ತದೆ. ನನ್ನ ಡಾಕ್ಟರ್ ರಿಪೋರ್ಟಿನ ಹಿಂಬದಿಯಲ್ಲಿ ಪೆನ್ನಿನಲ್ಲಿ ಬಾಣ ಎಳೆದು ತೋರಿಸಿದರು: ಹೊಟ್ಟೆಯಿಂದ ತಲೆಗೆ, ತಲೆಯಿಂದ ಕೆಳಕ್ಕೆ. 'ವೃಷಣ ಕೆಟ್ಟಿಲ್ಲ, ಕೆಲಸ ಮಾಡು ಅಂತ ಅದಕ್ಕೆ ಯಾರೂ ಹೇಳುತ್ತಿಲ್ಲ' ಅಂದರು. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಆಪರೇಷನ್ ಆಗಿ ತೂಕ ಇಳಿದ ಮೇಲೆ ಹೆಚ್ಚಿನವರಲ್ಲಿ ಟೆಸ್ಟೋಸ್ಟೆರಾನ್ ಏರುತ್ತದೆ. ಎಷ್ಟೋ ಜನರಿಗೆ ಆಸೆ, ನಿಮಿರುವಿಕೆ ಎರಡೂ ಸುಧಾರಿಸುತ್ತವೆ. ರಿಪೋರ್ಟ್ ಓದುವಾಗ ಒಂದು ನೆನಪಿಡು. ರಕ್ತದಲ್ಲಿ ಈ ಹಾರ್ಮೋನನ್ನು ಹಿಡಿದಿಡುವ ಎಸ್‌ಎಚ್‌ಬಿಜಿ ಅನ್ನುವ ಪ್ರೊಟೀನ್ ಕೂಡ ಏರುತ್ತದೆ. ಹಾಗಾಗಿ ಒಟ್ಟು ಲೆಕ್ಕ ಮಾತ್ರ ನೋಡಬೇಡ, ಆ ಹಿಡಿತಕ್ಕೆ ಸಿಗದೆ ಬಿಡಿಯಾಗಿರುವ ಫ್ರೀ ಟೆಸ್ಟೋಸ್ಟೆರಾನ್ ಎಷ್ಟು ಅಂತಲೂ ಕೇಳು. ರಕ್ತ ಬೆಳಿಗ್ಗೆ ಹೊತ್ತಲ್ಲೇ, ಖಾಲಿ ಹೊಟ್ಟೆಯಲ್ಲಿ ಕೊಡು. ಕಮ್ಮಿ ಬಂದರೆ ಇನ್ನೊಂದು ದಿನ ಮತ್ತೆ ಕೊಡಬೇಕು.

ಚಿಕ್ಕಪ್ಪಾ, ನೀವು 'ಆಪರೇಷನ್ ಯಾಕೆ, ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಸಾಕು' ಅಂದಿರಿ. ಇವನ ಮೇಲಿನ ಕಾಳಜಿಯಿಂದ ಹೇಳಿದಿರಿ, ಗೊತ್ತು. ಆದರೆ ಇವನಿಗೆ ಇನ್ನೂ ಮಗು ಆಗಬೇಕಲ್ವಾ? ಹೊರಗಿನಿಂದ ಹಾರ್ಮೋನ್ ಕೊಟ್ಟರೆ ಎಲ್‌ಎಚ್, ಮತ್ತು ವೀರ್ಯಾಣು ತಯಾರಿಗೆ ಬೇಕಾದ ಪಿಟ್ಯುಟರಿಯ ಇನ್ನೊಂದು ಹಾರ್ಮೋನ್ ಎಫ್‌ಎಸ್‌ಎಚ್, ಇನ್ನಷ್ಟು ಕುಸಿಯುತ್ತವೆ. ವೀರ್ಯಾಣು ತಯಾರಾಗುವುದೇ ನಿಂತುಹೋಗಬಹುದು. ದಯವಿಟ್ಟು ಸುಮ್ನೆ ಯಾರೂ ಅದನ್ನು ಸೂಚಿಸಬೇಡಿ.

ತಮ್ಮಾ, ಹಾರ್ಮೋನ್ ಸರಿಹೋದ ತಕ್ಷಣ ವೀರ್ಯಾಣುವೂ ಸರಿಹೋಗುತ್ತದೆ ಅಂತ ಮಾತ್ರ ಇಟ್ಟುಕೊಳ್ಳಬೇಡ. ತೂಕ ರಭಸದಿಂದ ಇಳಿಯುವ ತಿಂಗಳುಗಳಲ್ಲಿ ಕೆಲವರಿಗೆ ಎಣಿಕೆ ಕಮ್ಮಿಯಾಗುವುದೂ ಉಂಟು. ಬಿ12, ಕಬ್ಬಿಣ, ಸತುವಿನ ಕೊರತೆಯೂ ಕಾಡಬಹುದು. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಒಂದು ದಿನವೂ ತಪ್ಪಿಸಬೇಡ. ಆಪರೇಷನ್‌ಗೆ ಮೊದಲೇ ಒಮ್ಮೆ ವೀರ್ಯ ಪರೀಕ್ಷೆ ಮಾಡಿಸು, ಫ್ರೀಜ್ ಮಾಡಿಡುವುದು ಬೇಕಾ ಅಂತಲೂ ಅವರನ್ನೇ ಕೇಳು.

ನಿನ್ನ ರಿಪೋರ್ಟ್ ಗ್ರೂಪಿಗೆ ಹಾಕಬೇಡ, ನನಗೊಬ್ಬನಿಗೆ ಕಳಿಸು. ಡಾಕ್ಟರ್ ಹತ್ತಿರ ಹೋಗುವ ದಿನ ನಾನೂ ಜೊತೆಗೆ ಬರುತ್ತೇನೆ.