ಮುಪ್ಪಾಗುತ್ತಿರುವ ತಂಡ ಕಿರಿಯರನ್ನು ಕೊಟ್ಟು ಹಿರಿಯರನ್ನು ತರಬೇಕೆ? ಕಂಡವರು ಅನುಭವ ತಿಳಿಸಿ

ಪ್ರಶ್ನೆ, ಸ್ಯಾನ್ ಹೋಸೆಯಿಂದ (2025ರ ಬೇಸಿಗೆ):

2025ರ ಮೇ ತಿಂಗಳಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ನಮ್ಮ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವು ಮಿನೆಸೋಟದ ಎದುರು 4–1ರಲ್ಲಿ ಸೋತು ಪ್ಲೇಆಫ್‌ನಿಂದ ಹೊರಬಿದ್ದಾಗಿನಿಂದ ನಮ್ಮ ಗೆಳೆಯರ ಬಳಗದಲ್ಲಿ ಇದೊಂದೇ ಚರ್ಚೆ. ಆಗ ತಂಡದ ಸ್ಟೀಫನ್ ಕರಿ ಅವರಿಗೆ 37 ವರ್ಷ, ಜಿಮ್ಮಿ ಬಟ್ಲರ್ ಮತ್ತು ಡ್ರೇಮಂಡ್ ಗ್ರೀನ್ ಇಬ್ಬರಿಗೂ 35. ಕಿರಿಯ ಆಟಗಾರ ಜೊನಾಥನ್ ಕುಮಿಂಗಾ ಅವರನ್ನೂ ಮುಂದಿನ ವರ್ಷಗಳ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳನ್ನೂ (ಪ್ರತಿ ವರ್ಷ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕು; ಹೆಚ್ಚು ಸೋತ ತಂಡಕ್ಕೆ ಮುಂಚಿನ ಸರದಿ ಸಿಗುವ ಸಾಧ್ಯತೆ ಹೆಚ್ಚು) ಕೊಟ್ಟು ಮತ್ತೊಬ್ಬ ಪಳಗಿದ ಆಟಗಾರನನ್ನು ತರಬೇಕೆಂದು ಅರ್ಧದಷ್ಟು ಜನ ವಾದಿಸುತ್ತಾರೆ. ಕರಿ ನಿವೃತ್ತರಾದ ಮೇಲೆ ಏನು ಉಳಿಯುತ್ತದೆ ಎಂಬುದು ಉಳಿದವರ ಆತಂಕ. ಇಂಥ ಘಟ್ಟವನ್ನು ತಮ್ಮ ತಂಡದಲ್ಲಿ ಕಂಡವರು ಯಾವುದನ್ನು ನೋಡಿ ತೀರ್ಮಾನಿಸಬೇಕೆಂದು ದಯವಿಟ್ಟು ತಿಳಿಸಿ.

ನ್ಯೂಜೆರ್ಸಿಯಿಂದ ಒಬ್ಬರು:

ನೆಟ್ಸ್ ತಂಡ ನಮ್ಮ ರಾಜ್ಯವನ್ನು ಬಿಟ್ಟು ಬ್ರೂಕ್ಲಿನ್‌ಗೆ ಹೋದ ಮೇಲೂ ಅದನ್ನು ಬಿಡದ ಅಭಿಮಾನಿ ನಾನು. ಹಾಗಾಗಿ ಈ ಪ್ರಶ್ನೆಗೆ ಮೊದಲು ಬಾಯಿ ತೆರೆಯುವ ಹಕ್ಕು ನನಗಿದೆ. 2013ರ ಬೇಸಿಗೆಯಲ್ಲಿ ನಮ್ಮವರು ಬಾಸ್ಟನ್ ಸೆಲ್ಟಿಕ್ಸ್‌ನಿಂದ 37ರ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಮತ್ತು ಜೇಸನ್ ಟೆರಿ ಅವರನ್ನು ಕರೆತಂದರು. ಅದಕ್ಕೆ ಪ್ರತಿಯಾಗಿ ಹಲವು ಆಟಗಾರರ ಜೊತೆಗೆ 2014, 2016 ಮತ್ತು 2018ರ ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟರು. ಸಾಲದೆಂಬಂತೆ 2017ರಲ್ಲಿ ಬಾಸ್ಟನ್ ತನ್ನ ಆಯ್ಕೆಯನ್ನು ನಮ್ಮದರೊಂದಿಗೆ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಬರೆದುಕೊಟ್ಟರು.

ಸಂತೋಷವೇ ಸಿಗಲಿಲ್ಲವೆಂದು ಹೇಳಲಾರೆ. 2014ರ ಮೊದಲ ಸುತ್ತಿನ ಏಳನೆಯ ಪಂದ್ಯದಲ್ಲಿ, ಟೊರಾಂಟೊದ ಅಂಗಳದಲ್ಲೇ, ಕೊನೆಯ ಕ್ಷಣದಲ್ಲಿ ಕೈಲ್ ಲೌರಿ ಎಸೆಯಲು ಹೊರಟ ಚೆಂಡನ್ನು ಪಿಯರ್ಸ್ ಕೈಚಾಚಿ ತಡೆದು 104–103ರಲ್ಲಿ ಗೆಲ್ಲಿಸಿದ್ದನ್ನು ನೋಡಿದವರು ಯಾರೂ ಮರೆಯುವಂತಿಲ್ಲ. ಆದರೆ ಮುಂದಿನ ಸುತ್ತಿನಲ್ಲಿ ಮಯಾಮಿ ನಮ್ಮನ್ನು 4–1ರಲ್ಲಿ ಮನೆಗೆ ಕಳುಹಿಸಿತು. ಆ ಬೇಸಿಗೆಯಲ್ಲೇ ಪಿಯರ್ಸ್ ವಾಷಿಂಗ್ಟನ್‌ಗೆ ಹೋದರು, 2015ರ ಫೆಬ್ರುವರಿಯಲ್ಲಿ ಗಾರ್ನೆಟ್ ಮಿನೆಸೋಟಕ್ಕೆ ಹೋದರು.

ನಿಜವಾದ ದಂಡ ತೆತ್ತದ್ದು ಆಮೇಲೆ. 2015–16ರಲ್ಲಿ 21 ಗೆಲುವು, ಮರುವರ್ಷ 20. ಹೀಗೆ ಸೋಲುವ ತಂಡಕ್ಕೆ ಒಳ್ಳೆಯ ಕಿರಿಯನೊಬ್ಬ ಸಿಗುತ್ತಾನೆಂಬ ಸಮಾಧಾನವಾದರೂ ಇರುತ್ತದೆ. ನಮಗೆ ಅದೂ ಇರಲಿಲ್ಲ. ನಮ್ಮ ಸೋಲಿನ ಫಲವಾಗಿ ಬಾಸ್ಟನ್‌ಗೆ 2016ರಲ್ಲಿ ಜೇಲನ್ ಬ್ರೌನ್ ದೊರೆತರು. 2017ರಲ್ಲಿ ನಮ್ಮಿಂದ ಸಿಕ್ಕ ಮೊದಲ ಸ್ಥಾನವನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು ಮೂರನೆಯ ಸ್ಥಾನಕ್ಕೆ ಇಳಿದು ಅವರು ಜೇಸನ್ ಟೇಟಮ್ ಅವರನ್ನೂ ಪಡೆದರು. 2024ರಲ್ಲಿ ಆ ಇಬ್ಬರೇ ಪ್ರಶಸ್ತಿ ಎತ್ತಿ ಹಿಡಿದರು.

ವಯಸ್ಸಾದವರನ್ನು ತಂದದ್ದು ನನ್ನ ದೂರಲ್ಲ. ಆಯ್ಕೆಗಳಿಗೆ ಯಾವ ರಕ್ಷಣೆಯ ಷರತ್ತನ್ನೂ ಹಾಕದೆ ಕೊಟ್ಟದ್ದೇ ಮುಳುವಾಯಿತು. ಷರತ್ತು ಹಾಕುವುದು ನಿಮ್ಮವರಿಗೆ ತಿಳಿದಿದೆ: 2023ರಲ್ಲಿ ಜೋರ್ಡನ್ ಪೂಲ್ ಅವರನ್ನು ಕೊಟ್ಟು ಕ್ರಿಸ್ ಪಾಲ್ ಅವರನ್ನು ತಂದಾಗ ವಾಷಿಂಗ್ಟನ್‌ಗೆ 2030ರ ಆಯ್ಕೆಯನ್ನು ಬರೆದುಕೊಟ್ಟರಾದರೂ, ಅದು ಮೊದಲ 20 ಸ್ಥಾನಗಳೊಳಗೆ ಬಿದ್ದರೆ ಕೊಡಬೇಕಾಗಿಲ್ಲ. ಇಂಥ ಷರತ್ತಿನೊಂದಿಗೆ ಎರಡು ಆಯ್ಕೆ ಹೋದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಷರತ್ತಿಲ್ಲದೆ ಒಂದು ಹೋದರೂ ಹತ್ತು ಬಾರಿ ಯೋಚಿಸುತ್ತೇನೆ.

ಲಾಸ್ ಏಂಜಲೀಸ್‌ನಿಂದ:

ಸಂಕ್ಷೇಪವಾಗಿ ಹೇಳುತ್ತೇನೆ. 2012ರಲ್ಲಿ ಲೇಕರ್ಸ್ 38ರ ಸ್ಟೀವ್ ನ್ಯಾಶ್ ಅವರನ್ನು ಆಯ್ಕೆಗಳನ್ನು ಕೊಟ್ಟು ತಂದರು. ಮೊದಲ ವರ್ಷ 50 ಪಂದ್ಯ, ಎರಡನೆಯ ವರ್ಷ 15, ಮೂರನೆಯ ವರ್ಷ ಒಂದೂ ಇಲ್ಲ. ಹಿರಿಯ ಆಟಗಾರನ ಸರಾಸರಿ ಅಂಕಗಳಿಗಿಂತ ಹಿಂದಿನ ಎರಡು ವರ್ಷಗಳಲ್ಲಿ ಆತ ಎಷ್ಟು ಪಂದ್ಯಗಳಲ್ಲಿ ಅಂಗಳಕ್ಕಿಳಿದ, ಯಾವ ಗಾಯಕ್ಕೆ ಹೊರಗುಳಿದ ಎಂಬುದನ್ನು ಮೊದಲು ನೋಡಿ.

ಆಸ್ಟಿನ್‌ನಿಂದ:

ಹಿರಿಯರ ತಂಡಕ್ಕೆ ಹಿರಿಯನೇ ಬೇಕೆಂದು ನೀವೆಲ್ಲ ಮೊದಲೇ ಒಪ್ಪಿಕೊಂಡಂತಿದೆ. ನಮ್ಮ ಸ್ಯಾನ್ ಆಂಟೋನಿಯೊ ಸ್ಪರ್ಸ್ ನಡೆದದ್ದು ಅದಕ್ಕೆ ತದ್ವಿರುದ್ಧವಾಗಿ. 2011ರಲ್ಲಿ 61 ಪಂದ್ಯ ಗೆದ್ದು ಅಗ್ರಸ್ಥಾನದಲ್ಲಿದ್ದ ತಂಡ ಎಂಟನೆಯ ಸ್ಥಾನದ ಮೆಂಫಿಸ್‌ಗೆ ಮೊದಲ ಸುತ್ತಿನಲ್ಲೇ ಸೋತಾಗ ಟಿಮ್ ಡಂಕನ್ ಅವರಿಗೆ 35 ತುಂಬಿತ್ತು, ತಂಡದ ಕಥೆ ಮುಗಿಯಿತೆಂಬ ಮಾತು ಎಲ್ಲೆಡೆ ಇತ್ತು. ಕೋಚ್ ಗ್ರೆಗ್ ಪೊಪೊವಿಚ್ ಬಹಳ ಮೆಚ್ಚಿದ್ದ ಜಾರ್ಜ್ ಹಿಲ್ ಅವರನ್ನು ಆ ಜೂನ್‌ನಲ್ಲಿ ಇಂಡಿಯಾನಾಕ್ಕೆ ಕೊಟ್ಟು, 15ನೆಯ ಸ್ಥಾನದಲ್ಲಿ ಆಯ್ಕೆಯಾದ ಕವಾಯ್ ಲೆನರ್ಡ್ ಅವರನ್ನು ಪಡೆದರು. ಎದುರಾಳಿಯ ಮುಖ್ಯ ಆಟಗಾರನನ್ನು ಕಟ್ಟಿಹಾಕಬಲ್ಲ ಎತ್ತರದ ವಿಂಗ್ (ಅಂಗಳದ ಬದಿಗಳಲ್ಲಿ ಆಡುವ ಆಟಗಾರ) ತಂಡಕ್ಕೆ ಬೇಕಾಗಿತ್ತು, ಬೇಕಾದದ್ದನ್ನೇ ತಂದರು. 2014ರಲ್ಲಿ ಮಯಾಮಿಯನ್ನು 4–1ರಲ್ಲಿ ಮಣಿಸಿದಾಗ ಫೈನಲ್ಸ್‌ನ ಶ್ರೇಷ್ಠ ಆಟಗಾರನಾದದ್ದು 22ರ ಅದೇ ಲೆನರ್ಡ್.

ಡಂಕನ್ 2012ರಲ್ಲಿ ಸಂಬಳವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿಕೊಂಡರೆಂಬುದನ್ನೂ ಮರೆಯಬಾರದು. ಆ ಔದಾರ್ಯವನ್ನು ಎಲ್ಲರಿಂದ ನಿರೀಕ್ಷಿಸುವುದು ನ್ಯಾಯವಲ್ಲ, ಆದರೆ ಅದಿಲ್ಲದೆ ಬೆಂಚ್, ಅಂದರೆ ಬದಲಿ ಆಟಗಾರರ ಪಡೆ, ಅಷ್ಟು ಗಟ್ಟಿಯಾಗುತ್ತಿರಲಿಲ್ಲ.

ಬೆಂಗಳೂರಿನಿಂದ:

ಕಚೇರಿಗೆ ಹೊರಡುವ ಮುನ್ನ ಬೆಳಗಿನ ಪಂದ್ಯ ನೋಡುವ ವಾರಿಯರ್ಸ್ ಅಭಿಮಾನಿ ನಾನು. ಸ್ಪರ್ಸ್ ಉದಾಹರಣೆ ಚೆನ್ನಾಗಿದೆ, ಆದರೆ ನಮ್ಮವರು ಅದನ್ನೇ ಮಾಡಹೋಗಿ ಎರಡು ದೋಣಿಯ ಮೇಲೆ ಕಾಲಿಟ್ಟರು. 2020ರಲ್ಲಿ ಎರಡನೆಯ ಸ್ಥಾನದಲ್ಲಿ ತೆಗೆದುಕೊಂಡ ಜೇಮ್ಸ್ ವೈಸ್‌ಮನ್ ಮಂಡಿಯ ಗಾಯದಿಂದಾಗಿ ಪ್ರಶಸ್ತಿ ಗೆದ್ದ 2021–22ರಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2023ರ ಫೆಬ್ರುವರಿಯಲ್ಲಿ ಅವರನ್ನು ಬಿಟ್ಟುಕೊಟ್ಟರು.

ಕುಮಿಂಗಾ ಅವರ ವಿಷಯದಲ್ಲಿ ನಡೆದದ್ದು ಇನ್ನೂ ವಿಚಿತ್ರ. 2025ರ ಏಪ್ರಿಲ್‌ನಲ್ಲಿ ಮೆಂಫಿಸ್ ಎದುರಿನ ಪ್ಲೇ-ಇನ್ (ಪ್ಲೇಆಫ್ ಪ್ರವೇಶ ನಿರ್ಧರಿಸುವ) ಪಂದ್ಯದಲ್ಲಿ ಅವರನ್ನು ಒಂದು ನಿಮಿಷವೂ ಇಳಿಸಲಿಲ್ಲ. ಕರಿ ಅವರ ತೊಡೆಯ ಸ್ನಾಯುವಿಗೆ ಪೆಟ್ಟಾದ ಮೇಲೆ ಮಿನೆಸೋಟದೆದುರಿನ ಮೂರನೆಯ ಪಂದ್ಯದಲ್ಲಿ ಅದೇ ಹುಡುಗ 30 ಅಂಕ ಗಳಿಸಿದ. ಆಡಿಸುವುದಿಲ್ಲವೆಂದಾದರೆ ಬೆಲೆ ಇರುವಾಗಲೇ ಕೊಡಬೇಕು. ಬೆಂಚಿನಲ್ಲಿ ಕೂರಿಸಿ ಬೆಲೆ ಇಳಿಸಿ, ಆಮೇಲೆ ಸರಿಯಾದ ವಿನಿಮಯ ಸಿಗುತ್ತಿಲ್ಲವೆಂದು ಗೊಣಗುವುದರಲ್ಲಿ ಅರ್ಥವಿಲ್ಲ. ಬಟ್ಲರ್ ಬಂದ ಮೇಲೆ ತಂಡ 23 ಗೆದ್ದು 8 ಸೋತದ್ದನ್ನು ನೋಡಿದರೆ, ಕರಿ ಇರುವಷ್ಟು ಕಾಲ ಇಂದಿನ ಕಡೆಗೇ ವಾಲಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆಸ್ಟಿನ್‌ನವರೇ ಮತ್ತೆ:

ಒಪ್ಪುತ್ತೇನೆ, ಆದರೆ ಹೆಸರುಗಳ ಬಗ್ಗೆ ಜಗಳವಾಡುವ ಮುನ್ನ ನಿಯಮಗಳನ್ನು ನೋಡಿ. ಲೀಗಿನ 2023ರ ಒಪ್ಪಂದದ ಪ್ರಕಾರ ಎರಡನೆಯ ಏಪ್ರನ್ ಎಂಬ ಸಂಬಳ ಮಿತಿಯನ್ನು ಮೀರಿದ ತಂಡವು ಇಬ್ಬರ ಸಂಬಳವನ್ನು ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತಿಲ್ಲ. ಮುಂಬರುವ ಎರಡು ಸತತ ವರ್ಷಗಳಲ್ಲಿ ಮೊದಲ ಸುತ್ತಿನ ಆಯ್ಕೆಯೇ ಇಲ್ಲದಂತೆ ಬರಿಗೈ ಮಾಡಿಕೊಳ್ಳುವುದನ್ನು ಸ್ಟೆಪಿಯನ್ ನಿಯಮ ತಡೆಯುತ್ತದೆ. ಕುಮಿಂಗಾ ಅವರ ಕರಾರು 2025ರ ಬೇಸಿಗೆಗೆ ಮುಗಿಯುವುದರಿಂದ, ಹೊಸ ಕರಾರಿಗೆ ಸಹಿ ಹಾಕಿಸಿ ಅದೇ ಕೈಯಲ್ಲಿ ವಿನಿಮಯ ಮಾಡಿದರೆ, ಅವರನ್ನು ಪಡೆಯುವ ತಂಡವು ಆ ಋತುವಿಡೀ ಅದಕ್ಕಿಂತ ಕೆಳಗಿನ ಮೊದಲನೆಯ ಏಪ್ರನ್ ಮಿತಿಯೊಳಗೇ ಇರಬೇಕಾಗುತ್ತದೆ. ಈ ಮೂರು ಜರಡಿಯಲ್ಲಿ ನಿಮ್ಮ ಗೆಳೆಯರ ಪಟ್ಟಿಯನ್ನು ಸೋಸಿದ ಮೇಲೆ ಉಳಿಯುವ ಹೆಸರುಗಳನ್ನು ಇಲ್ಲಿ ಬರೆಯಿರಿ. ಅವರ ಬಗ್ಗೆ ಮಾತನಾಡೋಣ.